ಹಗ್ಗ ಎಳೆದ ಮೇಲೆ ವಾಪಸ್ ದಾರಿ ಇಲ್ಲ ಮಾರಾಯ್ರೆ!

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. "ಘಟ್ಟದ ತೋಡಲ್ಲಿ ಹಗ್ಗ ಹಿಡ್ಕೊಂಡು ಇಳಿಯುವ ಪ್ಯಾಕೇಜ್ ಉಂಟಂತೆ. ಊಟ, ಟೀಶರ್ಟ್ ಎಲ್ಲ ಸೇರಿ. ಮಳೆಗಾಲದಲ್ಲೇ ಮಜಾ, ಬರ್ತೀಯಾ?" ಇಲ್ಲ ಅಂದೆ. "ಹೆದರಿಕೆಯಾ?" ಅಂತ ನಕ್ಕ. ಹೌದು ಮಾರಾಯ, ಹೆದರಿಕೆಯೇ. ಯಾಕೆ ಅಂತ ಫೋನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಇಲ್ಲಿ ಕುಟ್ಟುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಾನೂ ಹೀಗೇ ಒಂದು ತಂಡದ ಜೊತೆ ಮಂಗಳೂರಿಂದ ಹೋಗಿದ್ದೆ, ಚಾರ್ಮಾಡಿ ಕಡೆಯ ಒಂದು ತೋಡಿಗೆ. ಮೊದಲ ಅರ್ಬಿ ಇಳಿದಾಯ್ತು. ಕೊನೆಯವನೂ ಇಳಿದ ಮೇಲೆ ಗೈಡ್ ಹಗ್ಗ ಎಳೆದುಕೊಂಡ, ಮುಂದಿನ ಅರ್ಬಿಗೆ ಅದೇ ಹಗ್ಗ ಬೇಕಲ್ಲ. ಆ ಕ್ಷಣದಿಂದ ಹಿಂದೆ ಹೋಗುವ ದಾರಿ ಮುಗಿಯಿತು. ಎರಡು ಕಡೆ ಗೋಡೆಯಂಥ ಬಂಡೆ. ಇದನ್ನು ಹೊರಡುವ ಮೊದಲು ನಮಗೆ ಯಾರೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ನೀರು ಚಹಾ ಬಣ್ಣಕ್ಕೆ ತಿರುಗಿತು. ತರಗೆಲೆ, ಕಡ್ಡಿ ತೇಲಿ ಬಂತು. ನಮ್ಮ ತಲೆಯ ಮೇಲೆ ಬಿಸಿಲು! ಗೈಡ್ ಫೋಟೋ ತೆಗೆಯುತ್ತಿದ್ದ. ಸಾಮಾನು ಹೊರಲು ಬಂದಿದ್ದ ಆ ಊರಿನ ಹಿರಿಯರೊಬ್ಬರು ಮಾತ್ರ ಮೇಲೆ ಮಳೆ ಬಂದಿದೆ, ಬೇಗ ದಡ ಹತ್ತಿ ಅಂತ ಗದರಿಸಿದರು. ಬೇರು ಹಿಡಿದು ಹತ್ತಿದೆವು. ಹತ್ತು ನಿಮಿಷದಲ್ಲಿ ನಾವು ಕೂತಿದ್ದ ಕಲ್ಲು ಕಾಣಲಿಲ್ಲ. ದುಡ್ಡು ತೆಗೆದುಕೊಂಡವನಿಗಿಂತ ಕೂಲಿಗೆ ಬಂದವರಿಗೆ ಹೆಚ್ಚು ಗೊತ್ತಿತ್ತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1999ರ ಜುಲೈ 27ರಂದು ಸ್ವಿಟ್ಜರ್‌ಲೆಂಡಿನ ಸ್ಯಾಕ್ಸೆಟನ್ ತೊರೆಯಲ್ಲಿ ಹೀಗೇ ಇಳಿಯುತ್ತಿದ್ದವರ ಮೇಲೆ ಗುಡುಗುಮಳೆಯ ನೀರು ಒಮ್ಮೆಲೇ ನುಗ್ಗಿ 21 ಜನ ಸತ್ತರು. ಅವರಲ್ಲಿ ಮೂವರು ಗೈಡುಗಳು. ಹಗ್ಗ, ಹೆಲ್ಮೆಟ್, ಒದ್ದೆ ಉಡುಪು ಎಲ್ಲ ಇತ್ತು. ಆಕಾಶ ನೋಡಿ ಬೇಡ ಅನ್ನುವ ಬುದ್ಧಿ ಇರಲಿಲ್ಲ. 2001ರಲ್ಲಿ ಕೋರ್ಟು ಕಂಪನಿಯವರನ್ನು ತಪ್ಪಿತಸ್ಥರೆಂದಿತು. ನಮ್ಮ ಘಟ್ಟದ ಮಳೆ ಅದಕ್ಕೇನು ಕಡಿಮೆಯೇ? 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಹೊಳೆಗಳು ಮರ, ಮಣ್ಣು, ಬಂಡೆ ಹೊತ್ತು ತಂದು ತೋಟಗಳ ಮೇಲೆ ಸುರಿದದ್ದು ಮರೆತುಹೋಯಿತೇ?

"ನಮ್ಮ ಗೈಡ್ ರಾಮನಗರದಲ್ಲಿ ರ‍್ಯಾಪೆಲಿಂಗ್ ಕಲಿತವನು" ಅನ್ನುವವರಿಗೆ ಒಂದು ಮಾತು. ಒಣ ಬಂಡೆಯಲ್ಲಿ ಹಗ್ಗದ ತುದಿಗೆ ಗಂಟು ಹಾಕುತ್ತಾರೆ, ಜಾರಿ ಬೀಳದಿರಲಿ ಅಂತ. ಕೆಳಗೆ ಆಳದ ಗುಂಡಿ ಇರುವ ಅರ್ಬಿಯಲ್ಲಿ ಅದೇ ಗಂಟು ಯಮ. ಅದಕ್ಕೆ ಸಿಕ್ಕಿಕೊಂಡವನ ತಲೆ ಮೇಲೆ ನೀರು ಬಡಿಯುತ್ತಲೇ ಇರುತ್ತದೆ, ಬಿಡಿಸಿಕೊಳ್ಳಲು ಕೈಗೆ ಬಲ ಇರುವುದಿಲ್ಲ. ಅಲ್ಲಿ ಹಗ್ಗದ ಉದ್ದ ಸರಿಯಾಗಿ ನೀರು ಮುಟ್ಟುವಷ್ಟೇ ಇರಬೇಕು, ತುದಿ ಬಿಡುವಾಗಿರಬೇಕು, ಜಾರಿ ಈಜಿಕೊಂಡು ಹೊರಬರಬೇಕು. ಬಂಡೆಯ ವಿದ್ಯೆಯೇ ಬೇರೆ, ನೀರಿನ ವಿದ್ಯೆಯೇ ಬೇರೆ.

ಹಾಗಾದರೆ ನಿಷೇಧ ಮಾಡಿ ಅಂತೀರಾ? ಅದೂ ಸೋಮಾರಿಗಳ ಉತ್ತರ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತ ಯುವಕ ಕಾಲು ಜಾರಿ ಹೋದ, ಆ ವಿಡಿಯೋ ಊರೆಲ್ಲ ಸುತ್ತಿತು. ಪ್ರತಿ ಮಳೆಗಾಲ ಬೋರ್ಡು ಬೀಳುತ್ತದೆ, ಬೋರ್ಡಿನ ಪಕ್ಕದಲ್ಲೇ ಸೆಲ್ಫಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಒಳ್ಳೆಯದೇ. ಆದರೆ ಟಿಕೆಟ್ಟು ತಲೆ ಎಣಿಸುತ್ತದೆ, ತಲೆಯೊಳಗೆ ಏನಿದೆ ಅಂತ ಕೇಳುವುದಿಲ್ಲ.

ನಮ್ಮ ಮಂಗಳೂರಿಗೆ ಇದೆಲ್ಲ ಹೊಸದೂ ಅಲ್ಲ. ಅತ್ರಿ ಬುಕ್ ಸೆಂಟರಿನ ಅಶೋಕವರ್ಧನರು 'ಆರೋಹಣ' ಕಟ್ಟಿಕೊಂಡು ಬೆಟ್ಟ ಕಾಡು ಸುತ್ತಿದ್ದನ್ನು ಬ್ಲಾಗಿನಲ್ಲೇ ಎಷ್ಟೊಂದು ಬರೆದಿದ್ದಾರೆ, ಓದದವರು ಹುಡುಕಿ ಓದಿ. ಅಂಗಡಿ 2012ರಲ್ಲಿ ಮುಚ್ಚಿತು. ಕಲಿಯುತ್ತಾ ಕಾಡು ಸುತ್ತುವ ಆ ರೂಢಿಯೂ ಮುಚ್ಚಬೇಕೇ?

ನಾನು ಕೇಳುವುದು ಇಷ್ಟೇ. ಮಳೆಗಾಲದಲ್ಲಿ ತೋಡಿಗೆ ಇಳಿಸಬೇಡಿ, ನೀರು ಇಳಿದ ಮೇಲೆ ಹೋಗಿ. ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ತಗೊಳ್ಳಿ. ಮೇಲೆ ಮಳೆ ಬಂದರೆ ತಿಳಿಸಲು ಒಬ್ಬ ಮೇಲೆಯೇ ಇರಲಿ. ಆ ಊರಿನ ಹಿರಿಯರನ್ನು ಕೂಲಿ ಅಂತಲ್ಲ, ಗುರು ಅಂತ ಕರೆದುಕೊಂಡು ಹೋಗಿ, ಸಂಬಳವೂ ಹಾಗೇ ಕೊಡಿ. ಅವರು ಬೇಡ ಅಂದರೆ ದುಡ್ಡು ವಾಪಸ್ ಕೊಟ್ಟು ಬಸ್ ತಿರುಗಿಸಿ. ಎಲ್ಲಕ್ಕಿಂತ ಮೊದಲು, ಹಗ್ಗ ಎಳೆಯುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ: ಇನ್ನು ಹಿಂದೆ ದಾರಿ ಇಲ್ಲ, ಒಪ್ಪಿಗೆಯಾ?

ಬ್ಲಾಗಿಗ ಮಿತ್ರರೇ, ನಮ್ಮದೂ ತಪ್ಪುಂಟು. ಅರ್ಬಿಯ ಫೋಟೋ ಹಾಕಿ 'ಸ್ವರ್ಗ' ಅಂತ ಬರೆಯುತ್ತೇವೆ. ಯಾವ ತಿಂಗಳು, ನೀರು ಎಷ್ಟಿತ್ತು, ಎಲ್ಲಿ ಹೆದರಿದೆವು ಅಂತ ಬರೆಯುವುದಿಲ್ಲ. ಮುಂದಿನ ಸಲ ಅದನ್ನೂ ಬರೆಯೋಣ. ನನ್ನ ಗೆಳೆಯನಿಗೆ ಈ ಲಿಂಕ್ ಕಳಿಸುತ್ತಿದ್ದೇನೆ. ಅವನು ಇನ್ನೂ ನಗುತ್ತಾನೋ ಏನೋ.. ನೀವೇನಂತೀರಿ?