‘ಅಜ್ಞಾತ ಕಲಾವಿದ’ ಎಂಬ ಚೀಟಿ

ವಸ್ತುಸಂಗ್ರಹಾಲಯದಲ್ಲಿ ವಸ್ತುವಿನ ಪಕ್ಕದಲ್ಲಿ ಅಂಟಿಸಿರುವ ಚಿಕ್ಕ ಚೀಟಿಯೂ ಒಂದು ಪಠ್ಯವೇ. ಶಾಸನ, ಹಸ್ತಪ್ರತಿ, ಕೈಫಿಯತ್ತುಗಳನ್ನು ಅಕ್ಷರ ಬಿಡದೆ ಓದುವ ನಾವು ಈ ಪಠ್ಯವನ್ನು ಮಾತ್ರ ಓದದೆ ಮುಂದೆ ಸಾಗುತ್ತೇವೆ. ಕಣ್ಣು ವಸ್ತುವಿನ ಕಡೆಗೆ ಹೋಗುವುದು ಸಹಜ. ಆದರೆ ಮೂರು ನಾಲ್ಕು ಸಾಲುಗಳ ಈ ಬರಹ ಯಾರ ಹೆಸರನ್ನು ಹೇಳುತ್ತದೆ, ಯಾರ ಹೆಸರನ್ನು ಬಿಡುತ್ತದೆ ಎಂಬುದನ್ನು ಗಮನಿಸಿದರೆ ಆ ವಸ್ತು ಅಲ್ಲಿಗೆ ಬಂದ ದಾರಿ ತಿಳಿಯುತ್ತದೆ; ಕೆಲವೊಮ್ಮೆ ಆ ದಾರಿಯೇ ವಸ್ತುವಿಗಿಂತ ಹೆಚ್ಚು ಮುಖ್ಯವಾಗಿರುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯನ್ನು ಕುರಿತು ಯೋಚಿಸುವಾಗ ಈ ಮಾತನ್ನು ಮರೆಯುವಂತಿಲ್ಲ.

1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ ಮೇಲೆ ಆ ಖಂಡದ ಮೂಲನಿವಾಸಿಗಳ ಈಟಿ, ಗುರಾಣಿ, ಬೂಮರಾಂಗ್, ಮರದ ತೊಗಟೆಯ ಮೇಲಿನ ಚಿತ್ರ ಇವೆಲ್ಲ ಸಂಗ್ರಾಹಕರ ಕೈಸೇರಿ, ಕ್ರಮೇಣ ನಗರಗಳ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದವು. ಅವು ಪಳೆಯುಳಿಕೆಗಳ ಮತ್ತು ಚರ್ಮದಲ್ಲಿ ಹುಲ್ಲು ತುಂಬಿದ ಪ್ರಾಣಿಗಳ ನೆರೆಯಲ್ಲಿದ್ದವು. ಚೀಟಿಯಲ್ಲಿ ಸಂಗ್ರಹಿಸಿದ ಅಧಿಕಾರಿಯ ಅಥವಾ ಮಿಶನರಿಯ ಹೆಸರು ಇರುತ್ತಿತ್ತು, ಊರಿನ ಹೆಸರು ಇರುತ್ತಿತ್ತು, ಕೆಲವೊಮ್ಮೆ ಇಸವಿಯೂ ಇರುತ್ತಿತ್ತು. ಮಾಡಿದವನ ಹೆಸರು ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಹೆಸರು ಕೇಳಿ ತಿಳಿದುಕೊಳ್ಳುವುದು ಕಷ್ಟವಾಗಿತ್ತೆಂದಲ್ಲ. ಮಾಡಿದವನು ಎದುರಿಗೇ ನಿಂತಿದ್ದ ಸಂದರ್ಭಗಳೇ ಹೆಚ್ಚು. ಕೇಳಬೇಕೆಂದು ತೋರಲಿಲ್ಲ, ಅಷ್ಟೆ. ಇಡೀ ಜನಾಂಗವೇ ಒಂದು ಮಾದರಿಯೆಂದು ಭಾವಿಸಿದವರಿಗೆ ವ್ಯಕ್ತಿಯ ಹೆಸರು ಅನಗತ್ಯವಾಗಿ ಕಂಡಿತು.

ಈ ಸ್ಥಿತಿ ಬದಲಾಗತೊಡಗಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಸಿಡ್ನಿಯಲ್ಲಿರುವ ನ್ಯೂ ಸೌತ್ ವೇಲ್ಸ್ ಚಿತ್ರಶಾಲೆ 1958ರಲ್ಲಿ ಮೆಲ್ವಿಲ್ ದ್ವೀಪದ ತಿವಿ ಕಲಾವಿದರಿಂದ ಪುಕುಮನಿ ಎಂಬ 17 ಸಮಾಧಿ ಕಂಬಗಳನ್ನು ಮಾಡಿಸಿ, ಮರುವರ್ಷ ಪ್ರದರ್ಶನಕ್ಕಿಟ್ಟಿತು. ಇವುಗಳಿಗೆ ಚಿತ್ರಶಾಲೆಯಲ್ಲಿ ಏನು ಕೆಲಸ, ಇವು ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದವಲ್ಲವೆ ಎಂದು ವಾದ ಎದ್ದಿತು. ಆ ವಾದದಲ್ಲಿ ಚಿತ್ರಶಾಲೆಯ ಪಕ್ಷವೇ ಮುಂದೆ ಗೆದ್ದಿತು. ಇಂದು ಆಸ್ಟ್ರೇಲಿಯಾದ ಯಾವ ದೊಡ್ಡ ಚಿತ್ರಶಾಲೆಯೂ ಮೂಲನಿವಾಸಿ ಕಲೆಯಿಲ್ಲದೆ ತನ್ನನ್ನು ಪೂರ್ಣವೆಂದು ಕರೆದುಕೊಳ್ಳಲಾರದು. ಇದು ಸಂತೋಷದ ಸಂಗತಿಯೇ. ಆದರೂ ನನಗೊಂದು ಸಂದೇಹವಿದೆ. ವಸ್ತುಸಂಗ್ರಹಾಲಯ ಹೆಸರಿಲ್ಲದ ಕುಲವನ್ನು ತೋರಿಸಿತು. ಚಿತ್ರಶಾಲೆ ಹೆಸರುಳ್ಳ ಕಲಾವಿದನನ್ನು ತೋರಿಸಿತು. ಬಿಳಿಯ ಗೋಡೆ, ಹಿತವಾದ ಬೆಳಕು, ಕಲಾವಿದನ ಹೆಸರು, ಹುಟ್ಟಿದ ವರ್ಷ, ಇಷ್ಟರಲ್ಲಿ ಆ ಮನುಷ್ಯನ ನೆಲ ಯಾರ ಪಾಲಾಯಿತು, ಅವನ ಮಕ್ಕಳು ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳಿಗೆ ಎಡೆಯಿಲ್ಲ. ಸೌಂದರ್ಯ ಚರಿತ್ರೆಯನ್ನು ಮರೆಸಬಲ್ಲದು. ಕಲೆಯನ್ನೂ ಚರಿತ್ರೆಯನ್ನೂ ಒಂದೇ ಚೀಟಿಯಲ್ಲಿ ಬರೆಯುವ ಕೆಲಸ ರಾಜಧಾನಿಯ ದೊಡ್ಡ ಸಂಸ್ಥೆಗಳಿಗಿಂತ ಆಯಾ ಪ್ರದೇಶದ ಸಂಗ್ರಹಗಳಿಂದ ಹೆಚ್ಚು ಚೆನ್ನಾಗಿ ಆಗಬಲ್ಲದೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಕ್ಯಾರೊಲಪ್ ಮಕ್ಕಳ ಚಿತ್ರಗಳಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಕ್ಯಾರೊಲಪ್ ಇರುವುದು ಪಶ್ಚಿಮ ಆಸ್ಟ್ರೇಲಿಯಾದ ನೈರುತ್ಯ ಭಾಗದಲ್ಲಿ, ಕ್ಯಾಟಾನಿಂಗ್ ಎಂಬ ಪಟ್ಟಣದ ಬಳಿ. ಅದು ನೂಂಗಾರ್ ಜನರ ನೆಲ. 1905ರ ಕಾಯಿದೆ ಆ ರಾಜ್ಯದ ಮೂಲನಿವಾಸಿ ಮಕ್ಕಳಿಗೆ 16 ವರ್ಷ ತುಂಬುವವರೆಗೆ ‘ಮುಖ್ಯ ಸಂರಕ್ಷಕ’ ಎಂಬ ಅಧಿಕಾರಿಯನ್ನೇ ಕಾನೂನುಬದ್ಧ ಪೋಷಕನನ್ನಾಗಿ ಮಾಡಿತು. ತಾಯಿ ತಂದೆ ಬದುಕಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವರು ಪೋಷಕರಲ್ಲ. ‘ಸಂರಕ್ಷಕ’ ಎಂಬ ಪದ ಇಲ್ಲಿ ಪಡೆದ ಅರ್ಥವನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ಹೀಗೆ ಮನೆಯಿಂದ ಬೇರ್ಪಡಿಸಿದ ಮಕ್ಕಳನ್ನು ಇರಿಸಿದ ಸರಕಾರಿ ವಸತಿಗಳಲ್ಲಿ ಕ್ಯಾರೊಲಪ್ ಒಂದು. 1915ರಲ್ಲಿ ಆರಂಭವಾಗಿ, ಕೆಲಕಾಲ ಮುಚ್ಚಿ, ಮತ್ತೆ ತೆರೆದ ಈ ವಸತಿಯ ಶಾಲೆಗೆ 1940ರ ದಶಕದ ನಡುವಿನಲ್ಲಿ ನೋಯೆಲ್ ವೈಟ್ ಎಂಬ ಉಪಾಧ್ಯಾಯರು ಬಂದರು.

ವೈಟ್ ದೊಡ್ಡ ಕಲಾತಜ್ಞರೇನಲ್ಲ. ಅವರು ಮಕ್ಕಳನ್ನು ಹತ್ತಿರದ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಹಿಂದಿರುಗಿದ ಮೇಲೆ ಕಂಡದ್ದನ್ನು ಬರೆಯಲು ಹೇಳುತ್ತಿದ್ದರು. ಸಾಧನಗಳೆಂದರೆ ಶಾಲೆಯ ಕಾಗದ ಮತ್ತು ಬಣ್ಣದ ಸೀಮೆಸುಣ್ಣ. ಈ ಮಕ್ಕಳು ಬರೆದ ಚಿತ್ರಗಳಲ್ಲಿ ಸಂಜೆಯ ಕೆಂಪು ಆಕಾಶದೆದುರು ಕಪ್ಪಗೆ ನಿಂತ ಮರಗಳಿವೆ, ಕಾಂಗರೂಗಳಿವೆ, ಬೇಟೆಯ ಮತ್ತು ಕೊರೊಬೊರಿ ಕುಣಿತದ ದೃಶ್ಯಗಳಿವೆ. ದೂರ ಸಮೀಪಗಳ ಅರಿವು, ಬೆಳಕು ಕತ್ತಲೆಗಳ ಹೊಂದಿಕೆ ಹತ್ತು ಹನ್ನೆರಡು ವರ್ಷದವರ ಕೈಯದೆಂದು ನಂಬುವುದು ಕಷ್ಟ. ವಸತಿಯ ಗೋಡೆಗಳಾಗಲಿ ಅಧಿಕಾರಿಗಳಾಗಲಿ ಈ ಚಿತ್ರಗಳ ವಸ್ತುವಲ್ಲ. ಇದನ್ನು ಕೆಲವರು ಮಕ್ಕಳ ಮುಗ್ಧತೆಯೆಂದು ವಿವರಿಸಬಹುದು. ನನಗೆ ಹಾಗೆ ತೋರುವುದಿಲ್ಲ. ತಮ್ಮಿಂದ ಕಸಿದುಕೊಂಡ ನೆಲವನ್ನು ಅವರು ಕಾಗದದ ಮೇಲೆ ಮತ್ತೆ ಮತ್ತೆ ಬರೆದುಕೊಂಡರು ಎಂದು ಓದುವುದೇ ಹೆಚ್ಚು ಸರಿ.

1949ರಲ್ಲಿ ಫ್ಲಾರೆನ್ಸ್ ರಟರ್ ಎಂಬ ವಯಸ್ಸಾದ ಇಂಗ್ಲಿಷ್ ಮಹಿಳೆ ಅಲ್ಲಿಗೆ ಬಂದು ಚಿತ್ರಗಳನ್ನು ಕಂಡು ಬೆರಗಾದರು. ಕೊಂಡುಕೊಂಡು ಹೊರದೇಶಗಳಲ್ಲಿ, ಯೂರೋಪಿನಲ್ಲಿಯೂ, ಪ್ರದರ್ಶಿಸಿದರು. ಮೇರಿ ಡ್ಯುರ್ಯಾಕ್ ಮಿಲ್ಲರ್ ಅವರು ರಟರ್ ಅವರೊಡನೆ ಸೇರಿ ಈ ಬಾಲಕಲಾವಿದರನ್ನು ಕುರಿತು 1952ರಲ್ಲಿ ಪುಸ್ತಕವನ್ನೂ ತಂದರು. ಹೊರಗೆ ಹೀಗೆ ಕೀರ್ತಿ ಹಬ್ಬುತ್ತಿದ್ದಾಗ ಒಳಗೆ ಶಾಲೆಯನ್ನೇ ಮುಚ್ಚಲಾಗಿತ್ತು. ಬೆಳೆದ ಹುಡುಗರು ಹೊಲಗದ್ದೆಗಳ ಕೂಲಿಗೆ ಹೋದರು. ಅವರಲ್ಲಿ ಪ್ರತಿಭಾವಂತನಾದ ರೆವೆಲ್ ಕೂಪರ್ ಮುಂದೆ ಫ್ರೀಮ್ಯಾಂಟಲ್ ಸೆರೆಮನೆಯೊಳಗೆ ಕುಳಿತು ಚಿತ್ರ ಬರೆದ. ಕಲಾವಿದನೆಂದು ಲೋಕ ಮೆಚ್ಚಿದ ಬಾಲಕನಿಗೆ ಆ ಲೋಕ ಕೊಟ್ಟ ಸ್ಥಳ ಅದು.

ಚಿತ್ರಗಳ ಕಥೆ ಬೇರೆ. ರಟರ್ ತಮ್ಮ ಸಂಗ್ರಹವನ್ನು 1956ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಮೇಯರ್ ಅವರಿಗೆ ಮಾರಿದರು. ಅವರು 1966ರಲ್ಲಿ ಅದನ್ನು ಕೋಲ್ಗೇಟ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ಅಲ್ಲಿನ ಪಿಕರ್ ಚಿತ್ರಶಾಲೆಯ ದಾಸ್ತಾನು ಕೋಣೆಯಲ್ಲಿ ನೂರಕ್ಕೂ ಮಿಕ್ಕ ಚಿತ್ರಗಳು ದಶಕಗಳ ಕಾಲ ಉಳಿದವು. 2004ರಲ್ಲಿ ಆಸ್ಟ್ರೇಲಿಯಾದ ಮಾನವಶಾಸ್ತ್ರಜ್ಞ ಹವರ್ಡ್ ಮಾರ್ಫಿ ಅಲ್ಲಿಗೆ ಹೋದಾಗ ಅವು ಕಣ್ಣಿಗೆ ಬಿದ್ದವು. ಏನೆಂದು ಅವರು ಗುರುತಿಸಿದರು. 2006ರಲ್ಲಿ ಅವುಗಳಲ್ಲಿ ಕೆಲವನ್ನು ಕ್ಯಾಟಾನಿಂಗ್ ಪಟ್ಟಣಕ್ಕೆ ತಂದು ಪ್ರದರ್ಶಿಸಲಾಯಿತು. 2013ರಲ್ಲಿ ಕೋಲ್ಗೇಟ್ ವಿಶ್ವವಿದ್ಯಾಲಯ ಸಂಗ್ರಹವನ್ನು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. ಇಂದು ಅವು ಅಲ್ಲಿನ ಜಾನ್ ಕರ್ಟಿನ್ ಚಿತ್ರಶಾಲೆಯಲ್ಲಿವೆ.

ಇಲ್ಲಿ ಸಂರಕ್ಷಣೆಯ ಪರವಾದ ವಾದವನ್ನು ಕೇಳಿಸಿಕೊಳ್ಳದಿರುವುದು ಅನ್ಯಾಯ. ರಟರ್ ಕೊಳ್ಳದಿದ್ದರೆ, ಅಮೆರಿಕದ ಆ ಪೆಟ್ಟಿಗೆಗಳು ಇಲ್ಲದಿದ್ದರೆ, ಸೀಮೆಸುಣ್ಣದಲ್ಲಿ ಬರೆದ ಕಾಗದಗಳು ಉಳಿಯುತ್ತಿದ್ದವೆ? ಬಹುಶಃ ಇಲ್ಲ. ಹೊರಗೆ ಹೋದುದರಿಂದಲೇ ಉಳಿಯಿತೆಂಬ ಮಾತು ಹಲವು ಸಂಗ್ರಹಗಳ ಬಗ್ಗೆ ನಿಜ. ಆದರೆ ಉಳಿಯುವುದು ಬೇರೆ, ಓದಿಸಿಕೊಳ್ಳುವುದು ಬೇರೆ. ಕೋಲ್ಗೇಟಿನಲ್ಲಿ ಈ ಚಿತ್ರಗಳು ಉಳಿದವು, ಅವನ್ನು ಓದಬಲ್ಲವರು ಅಲ್ಲಿರಲಿಲ್ಲ. ಹಲವು ಚಿತ್ರಗಳ ಮೇಲೆ ಬರೆದ ಮಕ್ಕಳ ಹೆಸರುಗಳಿವೆ: ರೆನಾಲ್ಡ್ ಹಾರ್ಟ್, ಪಾರ್ನೆಲ್ ಡೆಂಪ್‌ಸ್ಟರ್, ಬ್ಯಾರಿ ಲೂ. ನ್ಯೂಯಾರ್ಕ್ ರಾಜ್ಯದ ಆ ದಾಸ್ತಾನು ಕೋಣೆಯಲ್ಲಿ ಇವು ಬರಿಯ ಅಕ್ಷರಗಳು. ಕ್ಯಾಟಾನಿಂಗ್‌ನಲ್ಲಿ ಅವೇ ಹೆಸರುಗಳು ಅಜ್ಜ, ಚಿಕ್ಕಪ್ಪ, ಸೋದರಮಾವ. ಅಲ್ಲಿಯವರ ಮನೆಗಳಲ್ಲಿ ಆ ಬಾಲ್ಯದ ಬೇರೆ ಗುರುತು ಹೆಚ್ಚೇನೂ ಇರಲಾರದು. ಸರಕಾರದ ಕಡತಗಳಲ್ಲಿ ಇರುವುದು ಆ ಮಕ್ಕಳ ಬಗ್ಗೆ ಬೇರೆಯವರು ಬರೆದದ್ದು. ಮಕ್ಕಳು ತಾವೇ ಬರೆದುಕೊಂಡ ದಾಖಲೆಯೆಂದರೆ ಈ ಚಿತ್ರಗಳು.

‘ಅಪಹೃತ ಪೀಳಿಗೆ’ಯನ್ನು ಕುರಿತ ರಾಷ್ಟ್ರೀಯ ವಿಚಾರಣೆಯ ವರದಿ ಬಂದದ್ದು 1997ರಲ್ಲಿ. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ವರದಿಗೂ ಕ್ಷಮೆಗೂ ನಡುವಿನ ಹನ್ನೊಂದು ವರ್ಷಗಳಲ್ಲಿ ಹೀಗೆ ನಡೆದೇ ಇಲ್ಲವೆಂದು ವಾದಿಸಿದವರೂ ಆ ದೇಶದಲ್ಲಿದ್ದರು. ಇಂಥ ವಾದ ನಡೆಯುವ ಸಮಾಜದಲ್ಲಿ ಮಕ್ಕಳ ಚಿತ್ರದ ಪಕ್ಕದಲ್ಲಿ ‘ಭೂದೃಶ್ಯ, ಕಾಗದದ ಮೇಲೆ ಸೀಮೆಸುಣ್ಣ’ ಎಂದಷ್ಟೇ ಬರೆದ ಚೀಟಿ ಸುಳ್ಳಾಗಿಲ್ಲದಿದ್ದರೂ ಸತ್ಯವನ್ನು ಹೇಳಿದಂತೆಯೂ ಆಗುವುದಿಲ್ಲ.

ಹೆಸರು ಸಿಗದ ಕೃತಿಗಳ ಮಾತೇನು? ಈಚಿನ ವರ್ಷಗಳಲ್ಲಿ ಆಸ್ಟ್ರೇಲಿಯಾದ ಕೆಲವು ಸಂಗ್ರಹಗಳು ‘ಅಜ್ಞಾತ ಕಲಾವಿದ’ ಎಂಬ ಪದವನ್ನು ಬಿಟ್ಟು, ‘ಒಂದು ಕಾಲಕ್ಕೆ ಹೆಸರು ತಿಳಿದಿದ್ದ ಕಲಾವಿದ’ ಎಂಬರ್ಥದ ಮಾತನ್ನು ಬಳಸತೊಡಗಿವೆ. ಚಿಕ್ಕ ತಿದ್ದುಪಡಿಯಂತೆ ಕಂಡರೂ ಇದು ವ್ಯಾಕರಣವನ್ನೇ ಬದಲಾಯಿಸುತ್ತದೆ. ‘ಅಜ್ಞಾತ’ ಎಂಬುದು ಕಲಾವಿದನ ವಿಶೇಷಣವಾಗಿ ನಿಂತಾಗ ಕೊರತೆ ಅವನದೆಂಬಂತೆ ಕೇಳಿಸುತ್ತದೆ. ಅವನ ಹೆಂಡತಿಗೆ, ಊರಿಗೆ, ಜೊತೆಗಾರರಿಗೆ ಅವನು ಎಂದೂ ಅಜ್ಞಾತನಾಗಿರಲಿಲ್ಲ. ಹೊಸ ಮಾತು ಮರೆವು ಯಾರದೆಂಬುದನ್ನು ಸೂಚಿಸುತ್ತದೆ.

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ‘ಅಜ್ಞಾತಕರ್ತೃಕ’ ಎಂಬ ಪದವನ್ನು ಧಾರಾಳವಾಗಿ ಬಳಸುವ ನಮಗೂ ಇದರಲ್ಲಿ ಯೋಚಿಸಬೇಕಾದದ್ದಿದೆ. ನಮ್ಮ ಅನೇಕ ಜಾನಪದ ಗೀತಸಂಕಲನಗಳ ಮುಖಪುಟದಲ್ಲಿ ಸಂಗ್ರಾಹಕರ ಹೆಸರಿರುತ್ತದೆ. ಹಾಡಿದ ಹೆಣ್ಣುಮಗಳ ಹೆಸರು ಇದ್ದರೆ ಅನುಬಂಧದಲ್ಲಿ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪಫಲಕವಿದೆ. ಹೊರನಾಡಿನ ಕನ್ನಡಿಗರು ಅದರ ಮುಂದೆ ನಿಂತು ಹೆಮ್ಮೆಪಡುತ್ತೇವೆ. ಶಿಲ್ಪಿ ಯಾರು ಎಂದು ಕೇಳುವವರು ವಿರಳ. ಆ ಸೀಮೆಯಲ್ಲಿಯೇ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಗುಂಡ ಅನಿವಾರಿತಾಚಾರಿಯನ್ನು ಹೆಸರಿಸಿ ಹೊಗಳಿದೆ ಎಂಬುದನ್ನು ನೆನೆದರೆ, ಹೆಸರು ಬರೆಯುವ ರೂಢಿ ನಮ್ಮ ನೆಲಕ್ಕೆ ಹೊಸದಲ್ಲ.

ಎಲ್ಲವನ್ನೂ ಹೇಳಬೇಕು, ಎಲ್ಲವನ್ನೂ ತೋರಿಸಬೇಕು ಎಂಬ ಅರ್ಥದಲ್ಲಿ ನಾನು ಈ ಮಾತನ್ನು ಆಡುತ್ತಿಲ್ಲ. ತೋರಿಸದೆ ಇರುವುದೂ ಸಂಗ್ರಹದ ಧರ್ಮವಾಗಬಹುದು. ಮಧ್ಯ ಆಸ್ಟ್ರೇಲಿಯಾದ ಪಪುನ್ಯಾದಲ್ಲಿ 1971ರಿಂದ ಹಿರಿಯರು ಹಲಗೆಗಳ ಮೇಲೆ ಬರೆದ ಆರಂಭದ ಚಿತ್ರಗಳಲ್ಲಿ, ದೀಕ್ಷೆ ಪಡೆದ ಗಂಡಸರು ಮಾತ್ರ ನೋಡಬಹುದಾದ ಸಂಗತಿಗಳಿದ್ದವು. ಅವು ಹೊರಗೆ ಪ್ರದರ್ಶನವಾದಾಗ ಇತರ ಮೂಲನಿವಾಸಿಗಳಿಂದಲೇ ಆಕ್ಷೇಪ ಬಂದಿತು. ಆಮೇಲೆ ಕಲಾವಿದರು ಚುಕ್ಕಿಗಳ ಹೊದಿಕೆಯಿಂದ ರಹಸ್ಯವನ್ನು ಮರೆಮಾಡುವ ದಾರಿ ಹಿಡಿದರು. ಡಾರ್ವಿನ್ನಿನಲ್ಲಿರುವ ಉತ್ತರ ಪ್ರಾಂತದ ವಸ್ತುಸಂಗ್ರಹಾಲಯದಲ್ಲಿ ಇಂಥ ಆರಂಭಕಾಲದ 226 ಹಲಗೆಗಳಿವೆ. 2017ರಲ್ಲಿ ಅಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಮುಂಚೆ ಆ ಕುಲಗಳ ಹಿರಿಯರನ್ನು ಕೇಳಿ, ಯಾವುದನ್ನು ಜನ ನೋಡಬಹುದು, ಯಾವುದನ್ನು ನೋಡಬಾರದು ಎಂದು ನಿರ್ಧರಿಸಲಾಯಿತು. ಕೇಳಬೇಕಾದವರು ಹತ್ತಿರದಲ್ಲಿದ್ದುದರಿಂದ, ಕೇಳುವ ಅಭ್ಯಾಸವಿದ್ದುದರಿಂದ ಇದು ಸಾಧ್ಯವಾಯಿತು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕುಳಿತ ವಿದ್ವಾಂಸನಿಗೆ ಎಷ್ಟೇ ಪಾಂಡಿತ್ಯವಿದ್ದರೂ ಅಂಥ ಅನುಮತಿಯನ್ನು ಪುಸ್ತಕದಿಂದ ಪಡೆಯಲು ಬರುವುದಿಲ್ಲ.

ಕ್ಯಾರೊಲಪ್ ಚಿತ್ರಗಳಿಗೆ ಮರಳಿದರೆ, ಪರ್ತ್ ನಗರವೂ ಅವುಗಳ ಊರಲ್ಲ. ಕ್ಯಾಟಾನಿಂಗ್‌ನಿಂದ ಅಲ್ಲಿಗೆ ಸುಮಾರು 280 ಕಿಲೋಮೀಟರ್. ರಾಜ್ಯದ ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಬಂದ ಕೂಡಲೆ ಮನೆಗೆ ಬಂದವೆಂದು ಹೇಳುವುದು ನಮ್ಮಂಥ ಅಧ್ಯಾಪಕರಿಗೆ ಅನುಕೂಲವಾದ ಮಾತು. ಆದರೆ ಇಲ್ಲಿ ಭಾವನೆಯಷ್ಟೇ ಕಾಗದದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೀಮೆಸುಣ್ಣದ ಚಿತ್ರ ಬೆಳಕಿಗೆ ಮಾಸುತ್ತದೆ, ತೇವಕ್ಕೆ ಕೆಡುತ್ತದೆ, ಮುಟ್ಟಿದರೆ ಉದುರುತ್ತದೆ. ವರ್ಷಪೂರ್ತಿ ಗೋಡೆಯ ಮೇಲಿಡಲು ಯಾವ ಊರಿನಲ್ಲಿಯೂ ಸಾಧ್ಯವಿಲ್ಲ. ಹವೆಯನ್ನು ಹದದಲ್ಲಿಡುವ ಕೋಣೆ, ತಜ್ಞರು, ವಿಮೆ ಇವು ಚಿಕ್ಕ ಪಟ್ಟಣದ ಚಿತ್ರಶಾಲೆಗೆ ಭಾರವಾದ ಖರ್ಚುಗಳು. ಹೀಗಾಗಿ ಮೂಲಪ್ರತಿಗಳು ವಿಶ್ವವಿದ್ಯಾಲಯದ ಭದ್ರತೆಯಲ್ಲಿರಲಿ. ಆದರೆ ನಾಲ್ಕು ವರ್ಷಕ್ಕೊಮ್ಮೆ ಕೃಪೆಯಿಂದ ಕಳುಹಿಸುವ ಪ್ರದರ್ಶನವಾಗಿ ಅಲ್ಲ, ಸರದಿಯ ಪ್ರಕಾರ ಪ್ರತಿವರ್ಷ ಒಂದಷ್ಟು ಚಿತ್ರಗಳು ಕ್ಯಾಟಾನಿಂಗ್‌ಗೆ ಹೋಗುವ ವ್ಯವಸ್ಥೆ ಬರಹದಲ್ಲಿರಬೇಕು. ಉಳಿದ ಕಾಲಕ್ಕೆ ಒಳ್ಳೆಯ ನಕಲುಗಳು ಅಲ್ಲಿ ಇರಲಿ. ಚೀಟಿಗಳನ್ನು ಮಾತ್ರ ಪರ್ತ್‌ನಲ್ಲಿ ಬರೆದು ಕಳುಹಿಸಬಾರದು. ಅವನ್ನು ಅಲ್ಲಿಯ ನೂಂಗಾರ್ ಹಿರಿಯರು ಹೇಳಬೇಕು, ಅವರು ಹೇಳಿದ ಮಾತಿನಲ್ಲಿಯೇ ಬರೆಯಬೇಕು, ನೂಂಗಾರ್ ಭಾಷೆ ಮೊದಲು, ಇಂಗ್ಲಿಷ್ ಅದರ ಕೆಳಗೆ. ಈಗ ಬದುಕಿರುವ ಹಿರಿಯರಲ್ಲಿ ಆ ಮಕ್ಕಳನ್ನು ಕಣ್ಣಾರೆ ಕಂಡವರು ಕೆಲವರೇ ಉಳಿದಿರಬಹುದು. ಯಾವ ಚಿತ್ರದ ಮರ ಯಾವ ತೊರೆಯ ದಡದ್ದು ಎಂದು ಹೇಳಬಲ್ಲವರು ಅವರು. ಹೆಸರಿಲ್ಲದ ಚಿತ್ರಗಳನ್ನು ಮೊದಲು ಅವರ ಮುಂದೆ ಇಡಬೇಕು.