ಕೊಟ್ಟಿಗೆಯಲ್ಲಿ ನಿಂತ ಹಿಮರಥ

ಕೆನಡಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಒಂದು ಚಿತ್ರವನ್ನು ಕಳುಹಿಸಿದ್ದ. ಹುಲ್ಲು ತುಂಬಿದ ಕೊಟ್ಟಿಗೆಯ ಮೂಲೆಯಲ್ಲಿ, ಧೂಳು ಹೊದ್ದು ನಿಂತ ಒಂದು ವಿಚಿತ್ರ ವಾಹನ. ದುಂಡನೆಯ ಮೈ, ಹಡಗಿಗಿರುವಂಥ ಗುಂಡು ಕಿಟಕಿಗಳ ಸಾಲು, ಮುಂದೆ ಚಕ್ರಗಳಿಗೆ ಬದಲಾಗಿ ಎರಡು ಜಾರುಹಲಗೆಗಳು, ಹಿಂದೆ ಚಕ್ರಗಳನ್ನು ಬಳಸಿ ಸುತ್ತಿದ ಉದ್ದನೆಯ ರಬ್ಬರು ಪಟ್ಟಿಗಳು. “ಸಾರ್, ಇದನ್ನು ಹುಡುಕಿಕೊಂಡು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಇದೇನೆಂದು ಹೇಳಿ, ನೋಡೋಣ” ಎಂದು ಸವಾಲನ್ನೂ ಹಾಕಿದ್ದ. ಕಾವ್ಯಗಳ ಹಿಮವಂತನ ವರ್ಣನೆಯಲ್ಲಲ್ಲದೆ ಬೇರೆಲ್ಲಿಯೂ ಹಿಮವನ್ನು ಕಾಣದ ಕನ್ನಡ ಮೇಷ್ಟ್ರು ನಾನು, ಸೋಲನ್ನೊಪ್ಪಿಕೊಂಡೆ. ಆಮೇಲೆ ತಿಳಿದ ಕಥೆ ಮಾತ್ರ ನನ್ನನ್ನು ಬಹು ದಿನ ಕಾಡಿತು.

ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆಗೆ ಯಂತ್ರಗಳೆಂದರೆ ಪ್ರಾಣ. 1922ರ ಕೊನೆಯ ದಿನ, ಹದಿನೈದರ ಆ ಹುಡುಗ ಹಳೆಯ ಫೋರ್ಡ್ ಎಂಜಿನ್ನಿಗೆ ಮರದ ಪಂಖವನ್ನು ಜೋಡಿಸಿ, ಹಿಮದ ಬೀದಿಯಲ್ಲಿ ಜಾರುಬಂಡಿಯನ್ನು ಓಡಿಸಿಬಿಟ್ಟ. ಅಪಾಯವನ್ನು ಕಂಡು ಹೆದರಿದ ತಂದೆ ಅದನ್ನು ಕೂಡಲೇ ಬಿಚ್ಚಿಹಾಕಿಸಿದರು. ಹುಡುಗನ ಹಂಬಲವನ್ನು ಬಿಚ್ಚಿಹಾಕುವುದು ಅಷ್ಟು ಸುಲಭವಾಗಿರಲಿಲ್ಲ.

1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ಸೋಂಕು ಹಬ್ಬಿತು. ಆಸ್ಪತ್ರೆ ದೂರದ ಊರಿನಲ್ಲಿ. ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿತ್ತು. ಪ್ರಯೋಗದ ಬಂಡಿಗಳಿದ್ದವು, ಪಯಣಕ್ಕೆ ಸಿದ್ಧವಾದದ್ದು ಒಂದೂ ಇರಲಿಲ್ಲ. ಮಗು ಉಳಿಯಲಿಲ್ಲ. ಈ ದುಃಖದಿಂದಲೇ ಹಿಮವಾಹನ ಹುಟ್ಟಿತೆಂದು ಹೇಳುವುದುಂಟು. ಪ್ರಯೋಗಗಳು ಮೊದಲೇ ನಡೆದಿದ್ದವು. ಆದರೆ ಹವ್ಯಾಸವಾಗಿದ್ದುದು ಅಂದಿನಿಂದ ವ್ರತವಾಯಿತೆಂದರೆ ತಪ್ಪಾಗಲಾರದು.

ಚಕ್ರ ತನ್ನ ಭಾರವನ್ನೆಲ್ಲ ಅಂಗೈಯಗಲದ ಜಾಗದ ಮೇಲೆ ಹೇರುತ್ತದೆ. ಆದ್ದರಿಂದ ಹಿಮದಲ್ಲಿ ಹೂಳುತ್ತದೆ. ಪಟ್ಟಿಯಾದರೋ ಕೆಸರಿಗೆ ಹಾಸಿದ ಹಲಗೆಯಂತೆ ಭಾರವನ್ನು ಹಂಚುತ್ತದೆ. ಆ ಪಟ್ಟಿಯನ್ನು ತಿರುಗಿಸುವ ಹಲ್ಲುಚಕ್ರಕ್ಕೆ ಬೊಂಬಾರ್ಡಿಯೆ ರಬ್ಬರನ್ನು ಹೊದಿಸಿದ. 1937ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಏಳು ಜನರ ‘ಬಿ-7’, ಬಳಿಕ ಹನ್ನೆರಡು ಜನರ ‘ಬಿ-12’ ಹೊರಬಂದವು. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು, ರೋಗಿಗಳು, ಎಲ್ಲರನ್ನೂ ಅವು ಹೊತ್ತವು. ನನ್ನ ಶಿಷ್ಯನ ಚಿತ್ರದಲ್ಲಿದ್ದುದು ಬಿ-12.

ಇಂದು ಸಂಗ್ರಾಹಕರು ಇವುಗಳಿಗಾಗಿ ಕೊಟ್ಟಿಗೆ, ಕಾಡಂಚು, ಮೀನುಗಾರರ ಹಿತ್ತಿಲುಗಳನ್ನು ತಡಕುತ್ತಾರೆ. ಮ್ಯಾನಿಟೋಬಾದ ವಿನಿಪೆಗ್ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ ಮೀನುಗಾರರು ದಶಕಗಳ ಕಾಲ ಇವನ್ನೇ ದುಡಿಸಿದರು. ಸಿಕ್ಕಿದರೂ ಸಂಕಟ ತಪ್ಪದು: ಮೈ ಪದರುಮರದ್ದು, ತೇವಕ್ಕೆ ಕೊಳೆಯುತ್ತದೆ, ರಬ್ಬರು ಬಿರಿಯುತ್ತದೆ. ಓಲೆಗರಿಯ ಕಟ್ಟಿಗಾಗಿ ಅಟ್ಟಗಳನ್ನು ಹತ್ತಿದ ನಮ್ಮ ವಿದ್ವಾಂಸರ ಪಾಡೂ ಇದೇ ಅಲ್ಲವೆ? ಗೆದ್ದಲು ತಿಂದ ಗರಿಯನ್ನು ಊಹೆಯಿಂದ ತುಂಬಿದರೆ ಅದು ಕವಿಯ ಪಾಠವೋ, ಸಂಪಾದಕನದೋ? ಮೈಯೆಲ್ಲ ಹೊಸ ಮರವಾದ ಮೇಲೆ ಹಿಮರಥ ಹಳೆಯದೋ, ಹೊಸದೋ? ಸಾಧ್ಯವಾದಷ್ಟು ಹಳೆಯದನ್ನುಳಿಸಿ, ಹೊಸದನ್ನು ಹೊಸದೆಂದೇ ತೋರಿಸುವುದು ಪ್ರಾಮಾಣಿಕತೆ ಎಂದು ನನಗೆ ತೋರುತ್ತದೆ.

ಕಥೆಯ ಕೊನೆ ಸೋಜಿಗದ್ದು. 1940ರ ದಶಕದ ಕೊನೆಗೆ ಕ್ವಿಬೆಕ್ ಸರ್ಕಾರ ಹಳ್ಳಿಯ ರಸ್ತೆಗಳ ಹಿಮವನ್ನೂ ತೆಗೆಸತೊಡಗಿತು. ಕಾರುಗಳು ಓಡಿದವು, ಹಿಮರಥದ ಮಾರಾಟ ಕುಸಿಯಿತು. ಬೊಂಬಾರ್ಡಿಯೆ ಬೇರೆ ದಾರಿ ಹುಡುಕಿ, 1959ರಲ್ಲಿ ‘ಸ್ಕಿ-ಡೂ’ ಎಂಬ ಪುಟ್ಟ ಹಿಮವಾಹನವನ್ನು ತಂದ. 1964ರಲ್ಲಿ ತೀರಿಕೊಂಡ. ಆತನ ಮೊದಲ ಗ್ಯಾರೇಜು ಈಗ ವಾಲ್ಕೂರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.

ವ್ಯಾಪಾರಿಗೆ ಅದು ನಷ್ಟವೇ ಸರಿ. ಆದರೆ ಆ ತಂದೆ ಹಗಲಿರುಳು ಬಯಸಿದ್ದು ಆಸ್ಪತ್ರೆಗೊಂದು ತೆರೆದ ದಾರಿಯನ್ನಲ್ಲವೆ? ದಾರಿ ತೆರೆಯಿತು, ರಥ ಕೊಟ್ಟಿಗೆಗೆ ಸೇರಿತು. ಧೂಳು ಹಿಡಿದ ಆ ಗುಂಡು ಕಿಟಕಿಗಳ ಚಿತ್ರವನ್ನು ಮತ್ತೆ ನೋಡಿದಾಗ, ಅದರ ನಿವೃತ್ತಿಗಾಗಿ ಮರುಗಬೇಕೆಂದು ನನಗೆ ಅನಿಸಲಿಲ್ಲ.