ಮೊದಲು ನಿಲ್ಲಲಿ, ಆಮೇಲೆ ಓಡಲಿ

ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಬದಿಗೆ ಇಳಿಸಿದ ಮಾಡಿನಡಿ ಹಳೇ ಜೀಪೊಂದು ನಿಂತಿರುವುದು ಹೊಸ ಸಂಗತಿಯಲ್ಲ. ಹಿಂದಿನ ಸೀಟಿನಲ್ಲಿ ಖಾಲಿ ಗೋಣಿ, ಬಾನೆಟಿನ ಮೇಲೆ ಒಣಗಿದ ಹಾಳೆ, ಸೀಟಿನಡಿ ಕೋಳಿ ಮೊಟ್ಟೆ. ಒಂದು ಕಾಲದಲ್ಲಿ ಗೊಬ್ಬರ, ಅಡಿಕೆ ಮೂಟೆ, ಹೆರಿಗೆಗೆ ಹೊರಟವರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಅದು. ಕಾರು ಬಂದ ಮೇಲೆ ಮೂಲೆ ಸೇರಿತು. ಈಗ ತಲೆಹೊರೆಗೆ ಜನ ಸಿಗದೆ, ಪಿಕಪ್ಪಿನವರು "ಆ ಏರಿಗೆ ಬರ್ಲಿಕ್ಕಾಗುದಿಲ್ಲ" ಎಂದಾಗ ಮತ್ತೆ ಅದರ ನೆನಪಾಗುತ್ತದೆ. ಗುಜರಿಗೆ ಕೊಡುವ ಮೊದಲು ಎಬ್ಬಿಸಿ ನೋಡಿ ಎನ್ನುವವನೇ ನಾನು. ಆದರೆ ಎಬ್ಬಿಸುವ ಕ್ರಮದ ಬಗ್ಗೆ ನನ್ನದೊಂದು ತಕರಾರಿದೆ.

ಎಲ್ಲರಿಗೂ ಮೊದಲು ಬೇಕಾದ್ದು ಇಂಜಿನಿನ ಸದ್ದು. ಹೊಸ ಬ್ಯಾಟರಿ ಇಟ್ಟು ಸೆಲ್ಫ್ ಹೊಡೆಯುವುದು, ಆಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು. ಸೈಲೆನ್ಸರಿನಲ್ಲಿ ಹೊಗೆ ಕಂಡರೆ ಅರ್ಧ ಊರಿಗೆ ಸಂತೋಷ. ಬ್ರೇಕು ಹೇಗುಂಟು ಕೇಳಿದರೆ "ಅದು ನಿಧಾನಕ್ಕೆ ಮಾಡಿಸುವ, ತೋಟದೊಳಗೇ ಅಲ್ವಾ ಓಡಿಸುದು" ಎಂಬ ಉತ್ತರ. ನನ್ನ ಅಭಿಪ್ರಾಯ ಇದಕ್ಕೆ ನೇರ ಉಲ್ಟಾ. ನಾಲ್ಕು ಚಕ್ರಕ್ಕೂ ಬ್ರೇಕು ಸರಿಯಾಗುವವರೆಗೆ ಇಂಜಿನನ್ನು ಸ್ಟಾರ್ಟ್ ಮಾಡಲೇಬಾರದು. ತೋಟದೊಳಗೆ ಓಡಿಸುವುದೆಂದೇ ಅದು ಇನ್ನೂ ಅಗತ್ಯ. ನಮ್ಮ ತೋಟದ ದಾರಿಗೆ ಒಂದು ಬದಿ ದರೆ, ಇನ್ನೊಂದು ಬದಿ ಕಣಿ, ಕೆಳಗೆ ಕೆಲಸದವರು.

ಬ್ರೇಕ್ ಆಯಿಲಿಗೆ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುವ ಗುಣವಿದೆ. ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮಲ್ಲಿ ಕೇಳಬೇಕೇ? ವರ್ಷಗಟ್ಟಲೆ ನಿಂತ ಜೀಪಿನ ವೀಲ್ ಸಿಲಿಂಡರಿನ ಒಳಮೈ ತುಕ್ಕು ತಿಂದು ಹೊಂಡ ಹೊಂಡವಾಗಿರುತ್ತದೆ, ರಬ್ಬರ್ ಕಪ್ ಬಿರುಸಾಗಿರುತ್ತದೆ. ಪೆಡಲ್ ಗಟ್ಟಿ ಇದೆ ಅಂತ ನಂಬಿ ಕೂತುಕೊಳ್ಳಬೇಡಿ. ಪಿಸ್ಟನ್ ಜಾಮ್ ಆದರೂ ಪೆಡಲ್ ಗಟ್ಟಿಯೇ ಇರುತ್ತದೆ. ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲಾದರೂ ಒಂದು ಕಪ್ ಹರಿದರೆ ಒಂದು ಚಕ್ರದ ಬ್ರೇಕು ಹೋಗುವುದಲ್ಲ, ನಾಲ್ಕೂ ಒಟ್ಟಿಗೇ ಹೋಗುತ್ತದೆ.

ಹ್ಯಾಂಡ್‌ಬ್ರೇಕ್ ಉಂಟಲ್ಲ ಎನ್ನುವವರಿಗೆ ಒಂದು ಮಾತು. ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ನಡುವಿನ ಗೇರ್ ಪೆಟ್ಟಿಗೆಯ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿದೆ. ಆ ಶಾಫ್ಟಿನ ಜಾಯಿಂಟ್ ಕಿತ್ತರೆ ಹ್ಯಾಂಡ್‌ಬ್ರೇಕ್ ಎಳೆದೂ ಪ್ರಯೋಜನವಿಲ್ಲ. ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿದರೆ, ಎತ್ತಿದ ಚಕ್ರ ಹಿಮ್ಮುಖ ತಿರುಗಿ ನೆಲದ ಚಕ್ರ ಉರುಳಬಹುದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಜೀಪು ಜಾಕಿನಿಂದ ಜಾರುತ್ತದೆ. ಆದ್ದರಿಂದ ಚಕ್ರ ಬಿಚ್ಚುವಾಗ ಸಮತಟ್ಟು ಅಂಗಳ, ಉಳಿದ ಚಕ್ರಗಳಿಗೆ ಎರಡೂ ಬದಿ ಕಲ್ಲು, ಅಡಿಗೆ ಮರದ ದಿಮ್ಮಿ. ಬರೀ ಜಾಕನ್ನು ನಂಬಿ ಅಡಿಗೆ ತೂರಬೇಡಿ.

ಡ್ರಮ್ ಬಿಚ್ಚಿದ ಮೇಲೆ ಜಿಪುಣತನ ಬೇಡ. ಸಿಲಿಂಡರಿನೊಳಗೆ ಹೊಂಡ ಕಂಡರೆ ಬರೀ ಕಪ್ ಬದಲಿಸಿ ಲಾಭವಿಲ್ಲ, ಆ ಹೊಂಡವೇ ಹೊಸ ಕಪ್ಪನ್ನೂ ತಿನ್ನುತ್ತದೆ. ಸಿಲಿಂಡರನ್ನೇ ಹೊಸತು ಹಾಕಿಸಿ. ರಬ್ಬರ್ ಹೋಸ್‌ಗಳು ಹೊರಗಿನಿಂದ ಚಂದ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತವೆ, ಎಲ್ಲವನ್ನೂ ಬದಲಿಸಿ. ಆಕ್ಸಲ್ ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬ್ರೇಕಿಗೆ ಬ್ರೇಕ್ ಆಯಿಲೇ ಆಗಬೇಕು. ತುರ್ತಿಗೆಂದು ಇಂಜಿನ್ ಆಯಿಲ್ ಹೊಯ್ದರೆ ಎಲ್ಲ ರಬ್ಬರೂ ಊದಿಕೊಂಡು ಮಾಡಿದ ಖರ್ಚೆಲ್ಲ ನೀರಲ್ಲಿ ಹೋಮ. ಅಂಗಡಿಗೆ ಹೋಗುವಾಗ ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದಂದಿನಿಂದ ಎಷ್ಟೋ ಮಾದರಿ ಬಂದಿವೆ, ನಮ್ಮಲ್ಲಿರುವುದು ಹೆಚ್ಚಿನವು ಅದರ ಇದರ ಭಾಗ ಸೇರಿ ಆದವು. ಬಾಯಲ್ಲಿ ಮಾದರಿ ಹೇಳಿದರೆ ಅಳತೆ ತಪ್ಪುತ್ತದೆ.

ಬ್ರೇಕು ಯಾಕೆ ಮೊದಲು ಎನ್ನುವುದಕ್ಕೆ ಕ್ಲಚ್ ಒಂದೇ ಸಾಕು. ನಿಂತ ಜೀಪಿನಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುವುದು ಸಾಮಾನ್ಯ. ಪೆಡಲ್ ಒತ್ತಿದರೂ ಬಿಡುವುದಿಲ್ಲ. ಬಿಡಿಸಲು ಎಲ್ಲರೂ ಹೇಳುವ ಉಪಾಯ, ಗೇರಿನಲ್ಲಿಟ್ಟೇ ಸೆಲ್ಫ್ ಹೊಡೆದು, ಕ್ಲಚ್ ಒತ್ತಿ ಹಿಡಿದು ಓಡಿಸುತ್ತಾ ಬ್ರೇಕ್ ಅದುಮುವುದು. ಬ್ರೇಕೇ ಇಲ್ಲದಿದ್ದರೆ? ನಮ್ಮ ಸಂಬಂಧಿಕರೊಬ್ಬರಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ಇಂಜಿನ್ ಸ್ಟಾರ್ಟಾಗಿ ಜೀಪು ಹೊರಟಿತು, ಕ್ಲಚ್ ಬಿಡಲಿಲ್ಲ, ಬ್ರೇಕ್ ಹಿಡಿಯಲಿಲ್ಲ. ಅಂಗಳದ ಕಟ್ಟೆ ಇಳಿದು ಫಸಲು ಕೊಡುವ ಎರಡು ಅಡಿಕೆ ಮರ ಮುರಿದು ಕಣಿಯಲ್ಲಿ ನಿಂತಿತು. ಅಡಿಕೆ ಸುಲಿಯುವವರು ಆ ಹೊತ್ತಿಗೆ ಚಾ ಕುಡಿಯಲು ಎದ್ದಿದ್ದರು, ಅಷ್ಟೇ.

ಇಂಜಿನಿನ ಸರದಿ ಆಮೇಲೆ. ಅಲ್ಲಿಯೂ ಅವಸರ ಬೇಡ. ಏರ್ ಫಿಲ್ಟರಿನಲ್ಲಿ ಇಲಿ ಗೂಡು, ಸೈಲೆನ್ಸರಿನಲ್ಲಿ ಕಣಜದ ಮಣ್ಣು, ಇಲಿ ಕಡಿದ ವಯರು, ಇದನ್ನೆಲ್ಲ ನೋಡಿ. ಹಳೇ ಡೀಸೆಲ್ ಪೂರ್ತಿ ಇಳಿಸಿ ಟ್ಯಾಂಕು ತೊಳೆಯಿರಿ, ತಳದ ನೀರು ಮತ್ತು ಲೋಳೆ ಪಂಪಿಗೆ ಹೋದರೆ ಅದರ ರಿಪೇರಿಯೇ ದೊಡ್ಡ ಖರ್ಚು. ಇಂಜಿನ್ ಆಯಿಲ್ ಬದಲಿಸಿ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನೆ ಬಿಡಿ. ಮತ್ತೆ ನ್ಯೂಟ್ರಲಿನಲ್ಲಿಟ್ಟು ಕೈಯಲ್ಲೇ ತಿರುಗಿಸಿ. ಎಲ್ಲಾದರೂ ತಡೆದರೆ ಬಲಪ್ರಯೋಗ ಬೇಡ, ವಾಲ್ವ್ ಸಿಕ್ಕಿಕೊಂಡಿರಬಹುದು. ಟ್ರ್ಯಾಕ್ಟರಿನಲ್ಲಿ ಎಳೆಸುವುದಕ್ಕೆ ನನ್ನ ವಿರೋಧ ಇದಕ್ಕೇ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಅದು ಒತ್ತಿ ಕುಗ್ಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡು.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಸಲೀಸಾಗಿ ಆಡುತ್ತದಾ ನೋಡಿ. ಪಂಪು ಒಳಗೆ ಜಾಮ್ ಆಗಿದ್ದರೆ ಸ್ಟಾರ್ಟಾದ ಕೂಡಲೇ ಇಂಜಿನ್ ಕಿರುಚಿಕೊಂಡು ಏರುತ್ತಾ ಹೋಗುತ್ತದೆ, ಚಾವಿ ತೆಗೆದರೂ ನಿಲ್ಲುವುದಿಲ್ಲ. ಒಬ್ಬರು ಹಲಗೆ ತುಂಡು ಹಿಡಿದು ಗಾಳಿ ಎಳೆಯುವ ಬಾಯಿಯ ಹತ್ತಿರ ನಿಂತಿರಲಿ. ಬಟ್ಟೆ ಬೇಡ, ಎಳೆದುಕೊಳ್ಳುತ್ತದೆ. ಕೈಯಂತೂ ಬೇಡವೇ ಬೇಡ.

ಇಷ್ಟೆಲ್ಲ ಎಲ್ಲ ಜೀಪಿಗೂ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಸುತ್ತಿಗೆ ಹಿಡಿದು ಅಡಿಯ ಚಾಸಿಸ್ ತಟ್ಟಿ ನೋಡಿ, ಮುಖ್ಯವಾಗಿ ಸ್ಪ್ರಿಂಗ್ ಪ್ಲೇಟು ಕೂರುವಲ್ಲಿ. ಖಣಿಲ್ ಅಂದರೆ ಮುಂದುವರಿಯಿರಿ. ತುಕ್ಕು ಹಪ್ಪಳದ ಹಾಗೆ ಉದುರಿದರೆ ಗುಜರಿಯವನೇ ಸರಿ. ಬಾಡಿ ತೂತಾದ್ದಕ್ಕೆ ಹೆದರಬೇಕಾಗಿಲ್ಲ, ತಗಡು ಕೆಲಸದವರು ನಮ್ಮೂರಲ್ಲೇ ಇದ್ದಾರೆ.

ಆರ್.ಸಿ. ಪುಸ್ತಕವನ್ನೂ ಆಗಲೇ ಹುಡುಕಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮತ್ತೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರಲ್ಲಿ ಒಮ್ಮೆ ಏರಿತು, 20 ವರ್ಷ ದಾಟಿದ ವಾಹನಗಳಿಗೆ 2025ರಲ್ಲಿ ಮತ್ತೊಮ್ಮೆ ಏರಿದೆ. ವಿಮೆ ಬೇರೆ. ನಾವು ತೋಟದೊಳಗೇ ಓಡಿಸುವುದು, ಪುಸ್ತಕ ಯಾಕೆ ಎನ್ನುವವರು ಒಂದು ಮೇಲಿನ ತೋಟದಿಂದ ಕೆಳಗಿನ ತೋಟಕ್ಕೆ ಹೇಗೆ ಹೋಗುತ್ತಾರೆಂದು ನೋಡಿಕೊಳ್ಳಲಿ. ನಡುವೆ ಇರುವ ಪಂಚಾಯತು ರಸ್ತೆ ಹತ್ತೇ ಮಾರು ಇದ್ದರೂ ಸಾರ್ವಜನಿಕ ರಸ್ತೆಯೇ.